ಕೈಯಲ್ಲೇ ಉಳಿದ ತಂಬಿಗೆ

ಹುಕ್ಕೇರಿ
ಅಕ್ಟೋಬರ್ ೧೧, ಶನಿವಾರ

ನಾಗನೂರಿನ ಬಾಳವ್ವ ಆಯಿಗೆ,

ಕೊಣ್ಣೂರಿನ ಶೀತಲ್ ಮಾಡುವ ಶರಣು. ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಪತ್ರ ಬರೆಯುತ್ತಿದ್ದೇನೆ. ಇದನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ರವಿವಾರ ನಾನೇ ತಂದು, ನಿನ್ನ ಕಟ್ಟೆಯ ಮೇಲೆ ಕೂತು ಓದುತ್ತೇನೆ. ಎದುರು ನಿಂತು ಹೇಳಬೇಕೆಂದರೆ ನನಗೆ ಮಾತು ಬರುವುದಿಲ್ಲ. ಮೊದಲ ದಿನ ನಿನ್ನ ಮನೆಗೆ ಬಂದಾಗ ನಾನು ಬಾಗಿಲ ಚೌಕಟ್ಟನ್ನೇ ನೋಡುತ್ತ ನಿಂತಿದ್ದಕ್ಕೆ ನೀನು, "ಈಕಿ ಏನ್ ಬಾಗಲಾ ಖರೀದಿ ಮಾಡಾಕ ಬಂದಾಳೇನ?" ಎಂದಿದ್ದೆ. ಕಾಗದ ಕೈಯಲ್ಲಿದ್ದರೆ ಕಾಗದ ನೋಡಬಹುದು. ಬರೆಯುವಾಗ ನನಗೆ ಪುಸ್ತಕದ ಮಾತೇ ಬರುತ್ತದೆ. ಓದುವಾಗ ನಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತೇನೆ. ಅಷ್ಟು ಅನುವಾದವನ್ನಾದರೂ ಈ ಸಲ ಏನೂ ಬಿಡದೆ ಮಾಡಬೇಕು.

ಮೊದಲು ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಆಯಿ. ಅಲ್ಲಿಂದ ಶುರು ಮಾಡದಿದ್ದರೆ ಮುಂದಿನದು ಹೇಳಲು ಧೈರ್ಯ ಸಾಲುವುದಿಲ್ಲ. ಹೋದ ವರ್ಷ ಸಂಕ್ರಮಣ ಮುಗಿದ ವಾರ ಹೆಲೆನ್ ಎಂಬ ಬ್ರಿಟಿಷ್ ಹೆಂಗಸನ್ನು ಕರೆದುಕೊಂಡು ನಿನ್ನ ಮನೆಗೆ ಬಂದೆ. ದನಿಗಳನ್ನು ಹಿಡಿದಿಟ್ಟುಕೊಂಡು ಅವುಗಳಿಂದ ಕಲೆ ಮಾಡುವುದು ಆಕೆಯ ಕೆಲಸ. ಎಲ್ಲರ್ಟನ್ ಎಂಬುದು ಆಕೆಯ ಊರು. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಇದೆಯಲ್ಲ, ಅಂಥ ಗಿರಣಿಗಳು ಅಲ್ಲಿ ಊರ ತುಂಬ ಇದ್ದವಂತೆ. ಈಗ ಒಂದೂ ನಡೆಯುವುದಿಲ್ಲ. ಒಂದರಲ್ಲಿ ಮಾತ್ರ ಮ್ಯೂಸಿಯಂ ಮಾಡಿದ್ದಾರೆ. ಆ ಮ್ಯೂಸಿಯಮ್ಮಿಗೆ ಹತ್ತಿಯ ಕೆಲಸ ಮಾಡಿದ ಹೆಂಗಸರ ಹಾಡು ಬೇಕಾಗಿತ್ತು. ಗೋಕಾಕದ ನಮ್ಮ ಕಾಲೇಜಿನ ಸರ್ ನನ್ನನ್ನು ದುಭಾಷಿಯಾಗಿ ಕಳಿಸಿದರು. "ಸರ, ನಾ ಮಾತಾಡೂದಿಲ್ರಿ" ಎಂದೆ. "ಅದಕ್ಕ ನಿನ್ನ ಕಳಸಾಕತ್ತೇನಿ. ಬಾಳ ಮಾತಾಡೋರು ನಡುವ ತಮ್ಮದೂ ಎರಡ ಸೇರಸ್ತಾರ" ಎಂದು ನಕ್ಕರು. ಸೇರಿಸುವವರ ಬಗ್ಗೆ ಸರ್ ಯೋಚಿಸಿದ್ದರು. ಬಿಟ್ಟುಬಿಡುವವರ ಬಗ್ಗೆ ಯೋಚಿಸಿರಲಿಲ್ಲ.

ನೀನು ಅವತ್ತು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಹೆಲೆನ್‌ಗೆ ಚಾಪೆಯ ಮೇಲೆ ಕಾಲು ಮಡಚಿ ಕೂರಲು ಬರಲಿಲ್ಲ. ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲುತ್ತಿದ್ದಳು. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕಾಲ ಮಡಚಾಕ ಬರದವರು ನಮ್ಮನ್ನ ಅಷ್ಟ ವರ್ಷ ಹೆಂಗ ಆಳಿದ್ರವಾ?" ಎಂದೆ. ನಿನ್ನ ನಾದಿನಿ ಸಾತವ್ವ ಆಯಿ ಗೋಡೆಗೆ ಒರಗಿ ಕೂತಲ್ಲೇ, "ಕುರ್ಚೇದ ಮ್ಯಾಲ ಕುಂತ ಆಳ್ಯಾರ ತಗಿ" ಎಂದರು. ಹೆಲೆನ್ ನನ್ನ ಮುಖ ನೋಡಿದಳು. ನಿಮಗೆ ಊಟ ಸೇರಿತೇ ಎಂದು ಕೇಳುತ್ತಿದ್ದಾರೆ ಎಂದು ಹೇಳಿದೆ. ನಾನು ಬಿಟ್ಟುಬಿಟ್ಟ ಮೊದಲ ಮಾತು ಅದು. ಬಿಟ್ಟರೆ ಏನೂ ಆಗುವುದಿಲ್ಲ ಎಂದು ನನಗೆ ಅಲ್ಲೇ ರೂಢಿಯಾಯಿತೇನೋ.

ಹತ್ತಿ ಬಿಡಿಸುವ ಹಾಡು ಹೇಳು ಎಂದದ್ದಕ್ಕೆ ನೀನು ನಕ್ಕುಬಿಟ್ಟೆ. "ಹತ್ತಿ ಬಿಡಸುವಾಗ ಹಾಡ ಎಲ್ಲೀದು? ಬಾಯಿಗೆ ಸೆರಗ ಕಟ್ಟಿರತಿದ್ವಿ, ಹತ್ತೀ ತೂಸ, ಧೂಳ ಒಳಗ ಹೊಕ್ಕತೈತಿ." ಹೆಲೆನ್, ನೀವು ಬಹಳ ದಿನದಿಂದ ಹಾಡದೆ ಇರುವ ಹಾಡು ಯಾವುದು ಎಂದು ಕೇಳಿದಳು. ಅದನ್ನು ಮಾತ್ರ ನಾನು ಸರಿಯಾಗಿ ದಾಟಿಸಿದೆ. ನೀನು ಹಿಟ್ಟಿನ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡೆ. "ಒಂದ ಐತಿ. ಆದ್ರ ಅದನ್ನ ಮನ್ಯಾಗ ಹಾಡಬಾರದು" ಎಂದೆ.

ನಿನ್ನ ಮಗಳು ರಾಮವ್ವನನ್ನು ಹುಗಿದ ಹೊಲದ ಬದುವಿನ ತನಕ ನಾವು ನಡೆದೆವು. ಜೋಳ ಎದೆಮಟ್ಟ ನಿಂತಿತ್ತು, ತೆನೆ ಕಟ್ಟುತ್ತಿತ್ತು. ಎರಡನೆಯ ಹೆರಿಗೆಯಲ್ಲಿ ರಾಮವ್ವ ತೀರಿಕೊಂಡದ್ದು, ಕೂಸೂ ಉಳಿಯದ್ದು ನೀನು ದಾರಿಯಲ್ಲಿ ಹೇಳಿದ್ದು. ಹೇಳುವಾಗ ನಿನ್ನ ದನಿ ಸಂತೆಯ ಸುದ್ದಿ ಹೇಳಿದಂತೆ ಇತ್ತು. ಬೇವಿನ ಮರದ ಕೆಳಗೆ ಕೂತ ಮೇಲೆ ಹೆಲೆನ್ ಮೈಕ್ ಹೊರತೆಗೆದಳು. ಗಾಳಿಯ ಸದ್ದು ಬರಬಾರದೆಂದು ಅದಕ್ಕೆ ಉಣ್ಣೆಯ ಟೊಪ್ಪಿಗೆ ತೊಡಿಸಿದ್ದಳು. "ಇದೇನ ಇದು, ಸತ್ತ ಕುರಿಮರಿ ಕೋಲಿಗೆ ಸಿಗಸ್ಯಾರ!" ಎಂದು ನೀನು ಅದನ್ನು ಸವರಿ ನೋಡಿದೆ. ಆಮೇಲೆ ನಿನ್ನ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ನನಗೆ ಕೊಟ್ಟೆ. ಸ್ಟೀಲಿನದು, ಅಂಚಿನಲ್ಲಿ ಸಣ್ಣ ತಗ್ಗು ಬಿದ್ದದ್ದು.

ನೀನು ಹೇಳಿದ್ದನ್ನು ನಾನು ಮರೆತಿಲ್ಲ. "ನೋಡವಾ, ಹಾಡಿ ಅಳಾಕಿ ತಾನ ನಿಲ್ಲಸಬಾರದು. ತಾನ ನಿಲ್ಲಿಸಿದ್ರ ಅಳು ಹೊರಗ ಹೋಗೂದಿಲ್ಲ, ಎದಿಯಾಗ ಗೂಡ ಕಟ್ಟತೈತಿ. ಬಾಜೂ ಕುಂತಾಕಿ ಕೈ ಹಿಡದು 'ಸಾಕ ಮಾಡವ್ವಾ' ಅನ್ಬೇಕು, ಮಾರಿಗೆ ನೀರ ಹಚ್ಚಬೇಕು. ಮಣ್ಣ ಮಾಡಿದ ದಿನ ನಮ್ಮ ಸಾತಿ ಮಾಡಿದ್ಲು. ಈಗ ಆಕೀ ಮೊಣಕಾಲ ಹಿಡಕೊಂಡ ಕುಂತಾಳ. ಇವತ್ತ ನೀ ಮಾಡ. ಮಾಡತಿ ಹೌದಿಲ್ಲೊ?"

ನಾನು ತಲೆ ಆಡಿಸಿದೆ. ಅವರು ಏನು ಹೇಳಿದರು ಎಂದು ಹೆಲೆನ್ ಕೇಳಿದಳು. ಹಾಡಿದ ಮೇಲೆ ಆಕೆಗೆ ನೀರು ಬೇಕಂತೆ ಎಂದೆ.

ಅಷ್ಟೇ ಹೇಳಿದೆ, ಆಯಿ. ಅಷ್ಟು ದೊಡ್ಡ ಮಾತನ್ನು ಅಷ್ಟಕ್ಕೆ ಇಳಿಸಿಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ ಎಂದಲ್ಲ. ಹೇಳಿದರೆ ಆಕೆ ಮತ್ತೆ ಪ್ರಶ್ನೆ ಕೇಳುತ್ತಾಳೆ, ನಾನು ಮತ್ತೆ ಮಾತನಾಡಬೇಕಾಗುತ್ತದೆ ಎಂದು.

ನೀನು ಶುರು ಮಾಡಿದೆ.

ಹಾಸಿದ ಕೌದಿ ಹಾಂಗ ಐತಿ ನನ ಮಗಳ
ಹಚ್ಚಿದ ಒಲಿ ಬೂದಿ ಆಗಲಿಲ್ಲ
ಕರದರ ಓ ಅನ್ನ ನನ ಹಡದವ್ವ

ಹಾಡಾಗಿ ಶುರುವಾದದ್ದು ಸ್ವಲ್ಪ ಹೊತ್ತಿಗೆ ಹಾಡಾಗಿ ಉಳಿಯಲಿಲ್ಲ. ನೀನು ಮುಂದಕ್ಕೆ ಹಿಂದಕ್ಕೆ ತೂಗುತ್ತಿದ್ದೆ. ರಾಮವ್ವನ ಬಳೆಯ ಬಣ್ಣ ಬಂತು, ಆಕೆ ಶಾಲೆಗೆ ಹೋಗಲಾರೆನೆಂದು ಕುರಿಹಟ್ಟಿಯಲ್ಲಿ ಅಡಗಿಕೊಂಡದ್ದು ಬಂತು, ಕೂಸಿನ ಕಾಲಬೆರಳು ಬಂತು. ಇನ್ನು ನಿಲ್ಲಿಸಬೇಕು ಎಂದು ನನಗೆ ಗೊತ್ತಾಯಿತು. ಬಾಗಿ ಕೈ ಚಾಚಿದೆ. ಹೆಲೆನ್ ಅಂಗೈ ಎತ್ತಿ ತಡೆದಳು. ಕಣ್ಣಲ್ಲೇ ಬೇಡ ಎಂದಳು. ಆಕೆಗೆ ಗೊತ್ತಿರಲಿಲ್ಲ, ನಾನು ಹೇಳಿರಲೇ ಇಲ್ಲವಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಆಕೆ ತಡೆದದ್ದೊಂದೇ ಕಾರಣವಲ್ಲ. ನನ್ನ ದನಿ ಆ ಯಂತ್ರದೊಳಗೆ ಹೋಗುತ್ತದಲ್ಲ ಎಂದು ನಾಚಿಕೆಯಾಯಿತು. ಇನ್ನೊಂದು ಕಾರಣವಿದೆ, ಅದನ್ನು ಯಾರಿಗೂ ಹೇಳಿಲ್ಲ. ನಿನ್ನ ಮಾತುಗಳು ಬಹಳ ಚೆನ್ನಾಗಿದ್ದವು. ಇನ್ನಷ್ಟು ಬರಲಿ ಎನ್ನಿಸಿತು. ಬೂದಿಯಾಗದ ಒಲೆಗೆ ಇಂಗ್ಲಿಷಿನಲ್ಲಿ ಯಾವ ಪದ ಎಂದು ನಾನು ಒಳಗೇ ಹುಡುಕುತ್ತಿದ್ದೆ. ಸಾಹಿತ್ಯ ಓದಿದವಳು ನಾನು. ಒಬ್ಬ ತಾಯಿ ಅಳುತ್ತಿದ್ದಾಗ ಪಕ್ಕದಲ್ಲಿ ತಂಬಿಗೆ ಹಿಡಿದು ಕೂತು ಅನುವಾದ ಮಾಡುತ್ತಿದ್ದೆ.

ಹದಿನೇಳು ನಿಮಿಷ. ಕೊನೆಗೆ ನಿನಗೆ ಕೆಮ್ಮು ಬಂದು ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದೆ. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ನಿನ್ನ ಮುಖವನ್ನು ನೀನೇ ತೊಳೆದುಕೊಂಡೆ. "ನಡೀರಿ, ಬಿಸಲ ಆತು" ಎಂದು ಎದ್ದೆ. ಜೋಳದ ನಡುವಿನ ಕಾಲುದಾರಿಯಲ್ಲಿ ನಮ್ಮಿಬ್ಬರಿಗಿಂತ ಮುಂದೆ ಹೋದೆ. ಒಮ್ಮೆಯೂ ತಿರುಗಲಿಲ್ಲ.

ಇಲ್ಲಿಯವರೆಗಿನದು ನಿನಗೆ ಗೊತ್ತು. ಇನ್ನು ಮೇಲಿನದು ಗೊತ್ತಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರ್ಟನ್ನಿನಲ್ಲಿ ನಿನ್ನ ಹಾಡಿನ ಕೋಣೆ ತೆರೆಯಿತು. ಹೆಲೆನ್ ಫೋಟೊ, ವಿಡಿಯೊ ಕಳಿಸಿದಳು. ಮಬ್ಬು ಬೆಳಕಿನ ದೊಡ್ಡ ಕೋಣೆ. ಒಂದು ಗೋಡೆಯ ಮೇಲೆ ಅವರ ಊರಿನ ಹಳೆಯ ಗಿರಣಿಯ ಹೆಂಗಸರ ಕಪ್ಪುಬಿಳುಪು ಚಿತ್ರ. ಕೂರಲು ಹತ್ತಿ ಬಿಗಿದ ದೊಡ್ಡ ಅಂಡಿಗೆಗಳು. ಜನ ಅವುಗಳಿಗೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಮೇಲಿನಿಂದ ನಿನ್ನ ದನಿ. ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಬಾಗಿಲು ಮುಚ್ಚುವ ತನಕ. ಹದಿನೇಳು ನಿಮಿಷ ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ನಿನ್ನ ಕೆಮ್ಮನ್ನು ಕತ್ತರಿಸಿ ತೆಗೆದಿದ್ದಾರೆ. ಹಾಗಾಗಿ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಅವತ್ತು ನೀನು ಹೆಬ್ಬಟ್ಟು ಒತ್ತಿದ ಒಪ್ಪಿಗೆಯ ಕಾಗದದಲ್ಲಿ ಅದು ಬರೆದಿತ್ತು, ದನಿಯನ್ನು ಎಡೆಬಿಡದೆ ಕೇಳಿಸಲಾಗುತ್ತದೆ ಎಂದು. ಮೂರು ಪುಟದ ಕಾಗದ. ನಾನು ನಿನಗೆ ಹೇಳಿದ್ದು, "ನಿನ್ನ ಹಾಡ ಅಲ್ಲಿ ಕೇಳಸ್ತಾರಂತ ಆಯಿ, ಇಲ್ಲೆ ಒತ್ತ" ಎಂದಷ್ಟೇ.

ಗೋಡೆಯ ಮೇಲೆ ನಿನ್ನ ಹಾಡಿನ ಇಂಗ್ಲಿಷ್ ಅನುವಾದವಿದೆ. ಅದರ ಕೆಳಗೆ ನನ್ನ ಹೆಸರಿದೆ. ನನಗೆ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಅಪ್ಪ ದುಂಡಪ್ಪ ಕೊಣ್ಣೂರಿನ ತಮ್ಮ ಕಿರಾಣಿ ಅಂಗಡಿಯಲ್ಲಿ ಬಂದವರಿಗೆಲ್ಲ ಆ ಫೋಟೊ ತೋರಿಸಿದರು. "ನಮ್ಮ ಶೀತಲ್ ಹೆಸರು ವಿಲಾಯತಿ ಗ್ವಾಡಿಮ್ಯಾಲ ಬಂದೈತ್ರಿ." ನಾನು ಒಳಗಿನಿಂದ ಕೇಳಿಸಿಕೊಂಡು ನಾಚಿಕೊಂಡೆ. ಆದರೆ ವಿಡಿಯೊವನ್ನು ಪೂರ್ತಿ ಒಮ್ಮೆಯೂ ನೋಡಲಿಲ್ಲ. ಎರಡನೆಯ ಸಲ ಕೌದಿಯ ಸಾಲು ಬಂದ ಕೂಡಲೇ ಫೋನ್ ಮಗುಚಿ ಇಡುತ್ತಿದ್ದೆ. ನಿನ್ನ ಊರಿಗೂ ಬರಲಿಲ್ಲ. ಮೂಡಲಗಿಗೆ ಟ್ಯೂಷನ್ ಹೇಳಲು ವಾರಕ್ಕೆರಡು ಸಲ ಹೋಗುತ್ತಿದ್ದೆ. ಅಲ್ಲಿಂದ ನಾಗನೂರೇನು ದೂರ?

ಈಗ ಅಲ್ಲಿನ ರಾಜಕಾರಣ ಹೇಳಬೇಕು. ನಿನಗೆ ಬೇಸರವಾದರೂ ಕೇಳು, ಅದರಲ್ಲಿ ನಿನ್ನ ಪಾಲೂ ಇದೆ. ನಮ್ಮಲ್ಲಿ ಪುರಸಭೆ ಇದ್ದಂತೆ ಅಲ್ಲಿ ಕೌನ್ಸಿಲ್ ಇರುತ್ತದೆ. ಮ್ಯೂಸಿಯಂ ಅದರ ಕೈಯಲ್ಲಿದೆ. ಈ ವರ್ಷ ಮೇ ತಿಂಗಳ ಚುನಾವಣೆಯಲ್ಲಿ ಹಳೆಯ ಎರಡೂ ಪಕ್ಷದವರನ್ನು ಸೋಲಿಸಿ ಹೊಸಬರು ಗೆದ್ದರು. ಹೊರಗಿನಿಂದ ಬಂದವರು ಹೆಚ್ಚಾದರು, ನಮ್ಮ ಊರು ನಮ್ಮದಾಗಿ ಉಳಿದಿಲ್ಲ ಎಂಬುದು ಅವರ ಮಾತು. ಬೇಸಿಗೆಯಲ್ಲಿ ಲೈಟಿನ ಕಂಬ ಕಂಬಕ್ಕೂ ಬಾವುಟ ಕಟ್ಟಿದರು. ದೇಶ ಬಿಟ್ಟು ಓಡಿಬಂದವರನ್ನು ಇರಿಸಿದ್ದ ಒಂದು ಹೋಟೆಲಿನ ಮುಂದೆ ಜನ ಸೇರಿ ಕೂಗಾಡಿದರು. ಅಲ್ಲಿ ಕೂಗಿ ಬಂದವರಲ್ಲೊಬ್ಬ, ಕೌನ್ಸಿಲಿಗೆ ಹೊಸದಾಗಿ ಆರಿಸಿಬಂದ ಮನುಷ್ಯ, ಒಂದು ದಿನ ನಿನ್ನ ಕೋಣೆಗೆ ಬಂದು ನಿಂತು ವಿಡಿಯೊ ಮಾಡಿದ. ಇದು ನನ್ನ ಅಜ್ಜಿ ದುಡಿದ ಕಟ್ಟಡ, ಇಲ್ಲಿ ನನ್ನ ಅಜ್ಜಿಯ ದನಿ ಎಲ್ಲಿದೆ, ಎಲ್ಲಿಂದಲೋ ತಂದ ಈ ಕೂಗನ್ನು ನಮ್ಮ ದುಡ್ಡಿನಲ್ಲಿ ನಾವು ದಿನವಿಡೀ ಕೇಳಬೇಕೇ, ಇದನ್ನು ಯಾರೂ ನಿಲ್ಲಿಸುವುದಿಲ್ಲವೇ ಎಂದ.

ವಿಡಿಯೊದ ಕೆಳಗೆ ಜನ ಬರೆದದ್ದನ್ನು ನಿನಗೆ ಓದಿ ಹೇಳಲಾರೆ. ಒಂದನ್ನು ಮಾತ್ರ ಹೇಳುತ್ತೇನೆ. ಈ ಮುದುಕಿಯನ್ನು ಅವಳ ದೇಶಕ್ಕೆ ವಾಪಸು ಕಳಿಸಿ ಎಂದು ಒಬ್ಬ ಬರೆದಿದ್ದ. ಚಿಂಚಲಿ ಮಾಯಕ್ಕನ ಗುಡಿ ದಾಟಿ ಆಚೆ ಹೋಗದವಳು ನೀನು. ಓದಿ ನಗು ಬಂತು, ನಗುತ್ತಲೇ ಫೋನ್ ಮಗುಚಿ ಇಟ್ಟೆ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿದೆ. ಆದರೂ ಅವನ ಅಜ್ಜಿಯ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗೋಡೆಯ ಮೇಲೆ ಆಕೆಯ ಚಿತ್ರವಿದೆ, ದನಿ ಇಲ್ಲ ಎಂಬುದು ಸುಳ್ಳಲ್ಲ. ಆಕೆಯ ಹತ್ತಿರ ಯಾರೂ ಕುರಿಮರಿಯ ಮೈಕ್ ಹಿಡಿದುಕೊಂಡು ಹೋಗಲಿಲ್ಲ.

ಕೋಣೆಯನ್ನು ಮುಚ್ಚಬೇಕೋ ಬೇಡವೋ ಎಂದು ಬರುವ ಗುರುವಾರ ಕೌನ್ಸಿಲಿನವರು ಕೈ ಎತ್ತಿ ತೀರ್ಮಾನಿಸುತ್ತಾರೆ. ಹೆಲೆನ್, ಆಕೆಯ ಗೆಳೆಯರು, ನಾಟಕದವರು, ಚಿತ್ರ ಬರೆಯುವವರು ಎಲ್ಲ ಸೇರಿ ಪ್ರತಿಭಟನೆ ನಡೆಸಿದ್ದಾರೆ. ಒಳ್ಳೆಯ ಜನ, ಆಯಿ. ಹೋಟೆಲಿನ ಮುಂದೆ ಕೂಗುವವರಿಗೆ ಎದುರಾಗಿ ನಿಂತವರೂ ಅವರೇ. ನಿನ್ನ ಮುಖದ ಫೋಟೊ ಹಲಗೆಗೆ ಅಂಟಿಸಿಕೊಂಡು, ಆಕೆಯ ದನಿ ಅಡಗಿಸಬೇಡಿ ಎಂದು ಬರೆದುಕೊಂಡು ಚೌಕದಲ್ಲಿ ಕೂತಿದ್ದಾರೆ. ಒಂದು ದೊಡ್ಡ ಸ್ಪೀಕರ್ ತಂದು ಅಲ್ಲಿಯೂ ನಿನ್ನ ಹಾಡು ಹಚ್ಚಿದ್ದಾರೆ. ಈಗ ನೀನು ಕೋಣೆಯಲ್ಲೂ ಅಳುತ್ತೀ, ಬೀದಿಯಲ್ಲೂ ಅಳುತ್ತೀ. ಮಳೆ ಬರುತ್ತಿತ್ತು ಆ ವಿಡಿಯೊದಲ್ಲಿ. ಒಬ್ಬಳು ಸ್ಪೀಕರಿಗೆ ಕೊಡೆ ಹಿಡಿದಿದ್ದಳು.

ನಿನ್ನನ್ನು ಬೇಡ ಎನ್ನುವವರು ನಿಲ್ಲಿಸಿ ಎನ್ನುತ್ತಿದ್ದಾರೆ. ನಿನ್ನನ್ನು ಬೇಕು ಎನ್ನುವವರು ಅಳು ನಿಲ್ಲಬಾರದು ಎನ್ನುತ್ತಿದ್ದಾರೆ. ಪಕ್ಕದಲ್ಲಿ ಕೂತು ಕೈ ಹಿಡಿಯುವವಳು ಮಾತ್ರ ಆ ಊರಿನಲ್ಲಿ ಇಲ್ಲ. ಇರಬೇಕಾದವಳು ಇಲ್ಲಿ ಹುಕ್ಕೇರಿಯ ಬಾಡಿಗೆ ಕೋಣೆಯಲ್ಲಿ ಕೂತು, ಕಾಲೇಜು ಹುಡುಗಿಯರ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ.

ದಸರೆಯ ಹಿಂದಿನ ದಿನ ಹೆಲೆನ್‌ಳ ಮೇಲ್ ಬಂತು. ಬಾಳವ್ವನವರ ಒಂದು ಸಣ್ಣ ವಿಡಿಯೊ ಮಾಡಿ ಕಳಿಸು ಎಂದಿದ್ದಳು. ನನ್ನ ದನಿ ಕೇಳಿಸುತ್ತಲೇ ಇರಲಿ ಎಂದು ಅವರು ಎರಡು ಮಾತು ಹೇಳಿದರೆ ಸಾಕು, ನೀನು ಕೆಳಗೆ ಇಂಗ್ಲಿಷ್ ಹಾಕು, ಸಭೆಯಲ್ಲಿ ತೋರಿಸುತ್ತೇವೆ ಎಂದಿದ್ದಳು. ಅದರ ಜೊತೆಗೆ ಕೋಣೆಯಲ್ಲಿ ಇಟ್ಟಿರುವ ಅಭಿಪ್ರಾಯದ ಪುಸ್ತಕದ ಪುಟಗಳ ಫೋಟೊ ಕಳಿಸಿದ್ದಳು, ಜನ ಎಷ್ಟು ಪ್ರೀತಿಸುತ್ತಾರೆ ನೋಡು ಎಂದು. ಅದ್ಭುತ, ಮನಸ್ಸಿಗೆ ಶಾಂತಿ ಸಿಕ್ಕಿತು, ಜೋಗುಳದಂತಿದೆ ಎಂದೆಲ್ಲ ಬರೆದಿದ್ದರು. ಒಂದು ಪುಟದ ತುದಿಯಲ್ಲಿ ಪೆನ್ಸಿಲ್ಲಿನಲ್ಲಿ, ಸೊಟ್ಟ ಅಕ್ಷರದಲ್ಲಿ ಮೂರು ಸಾಲು ಇದ್ದವು. ಅದನ್ನು ನಿನಗೆ ಒಂದಕ್ಷರ ಬಿಡದೆ ಹೇಳುತ್ತೇನೆ. "ನನಗೆ ಈ ಮಾತು ಅರ್ಥವಾಗುವುದಿಲ್ಲ. ಆದರೆ ಯಾರಾದರೂ ಎದ್ದು ಆಕೆಯ ಹತ್ತಿರ ಹೋಗಬೇಕಿತ್ತು. ಡೋರೀನ್, ಇದೇ ಗಿರಣಿ, ಹದಿನೆಂಟು ವರ್ಷ."

ಯಾರೋ ಡೋರೀನ್. ನಿನ್ನ ವಯಸ್ಸಿನವಳೇ ಇರಬೇಕು. ನಿನ್ನ ಭಾಷೆಯ ಒಂದು ಪದ ಬರದವಳಿಗೆ ತಿಳಿದದ್ದು, ಎಲ್ಲ ಪದ ಬಂದ ನನಗೆ ತಿಳಿದೂ ಆಗಲಿಲ್ಲ.

ಮರುದಿನ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಬನ್ನಿ ಮಾರುವವರ ಸಾಲಿನಲ್ಲಿ ಸಾತವ್ವ ಆಯಿ ಸಿಕ್ಕರು. ನಾನು ಅಡಗಿಕೊಳ್ಳಲು ನೋಡಿದೆ. "ಏ ಬಾಗಲಾ ನೋಡೂ ಹುಡುಗಿ, ಇಲ್ಲೆ ಬಾ" ಎಂದು ಕರೆದರು. ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರು ಎಂದರು. ನಿನ್ನನ್ನು ಕೇಳಿದೆ. "ಅದಾಳ. ಉಣತಾಳ, ದುಡಿತಾಳ. ಆದ್ರ ನಮ್ಮ ಬಾಳಿ ಹಾಡ ಬಿಟ್ಟಾಳ. ಮೊದಲ ಕಳೆ ತಗ್ಯಾಗ ಈಕಿ ಒಂದ ಎತ್ತಿದ್ಲಂದ್ರ ಹತ್ತ ಮಂದಿ ಹಿಂದ ಅಂತಿದ್ವಿ. ಈಗ ಸುಮ್ನ ಕುರಪಿ ಆಡಸ್ತಾಳ. ಯಾಕ ಅಂದ್ರ, ಕೊರಳಾಗ ಏನೋ ಕುಂತೈತಿ ಅಂತಾಳ." ಯಾವಾಗಿನಿಂದ ಎಂಬುದನ್ನೂ ಅವರೇ ಹೇಳಿದರು. "ಆ ಬಿಳಿ ಹೆಂಗಸು ಬಂದ ಹೋದ ಮ್ಯಾಲಿಂದ." ನನ್ನ ಮುಖ ನೋಡಿ ಮತ್ತೆ ಕೇಳಿದರು. "ಅವತ್ತ ಸಾಕ ಮಾಡಿಸಿದ್ದಿ ಹೌದಿಲ್ಲೊ?"

ಬಸ್ಸು ಬಂತು ಎಂದು ಓಡಿದೆ. ಅದು ನನ್ನ ಬಸ್ಸಾಗಿರಲಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ವಾರ ಹೆಲೆನ್‌ಗೆ ಕಳಿಸಲೆಂದು ನಿನ್ನ ಹೆಸರಿನಲ್ಲಿ ಎರಡು ಸಾಲು ನಾನೇ ಬರೆದೆ. ವಿಡಿಯೊ ಬೇಡ, ಬಾಳವ್ವನಿಗೆ ಮೈ ಹುಷಾರಿಲ್ಲ, ಬರೆಸಿ ಕಳಿಸಿದ್ದಾರೆ ಎಂದುಬಿಡೋಣ ಎಂದುಕೊಂಡಿದ್ದೆ. ನಾನು ನಾಗನೂರಿನ ಬಾಳವ್ವ, ಹತ್ತಿ ಬಿಡಿಸಿದ ಕೈ ನನ್ನದು, ನನ್ನ ದನಿ ನಿಮ್ಮ ಊರಿನಲ್ಲಿ ಉಳಿಯಲಿ ಎಂದು. ಓದಿದರೆ ಕಣ್ಣಲ್ಲಿ ನೀರು ಬರುವಂತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಪಕ್ಷದವರು ಸೋಲುತ್ತಿದ್ದರು, ಹೆಲೆನ್ ಗೆಲ್ಲುತ್ತಿದ್ದಳು, ನನ್ನ ಹೆಸರು ಗೋಡೆಯ ಮೇಲೆ ಉಳಿಯುತ್ತಿತ್ತು. ಮೂರು ದಿನ ಫೋನಿನಲ್ಲಿ ಇಟ್ಟುಕೊಂಡು ಅಳಿಸಿದೆ. ಒಮ್ಮೆ ನಿನ್ನ ಮಾತು ಬಿಟ್ಟೆ, ಈಗ ನೀನು ಆಡದ ಮಾತು ಸೇರಿಸಲು ಹೊರಟಿದ್ದೆ. ಸರ್ ಹೇಳಿದ್ದ ಜಾತಿ, ಹೇಳದಿದ್ದ ಜಾತಿ, ಎರಡಕ್ಕೂ ಸೇರಿದವಳಾಗುತ್ತಿದ್ದೆ.

ನಿನ್ನೆ ಕಾಲೇಜಿನ ಊಟದ ಬಿಡುವಿನಲ್ಲಿ ಹೆಲೆನ್‌ಗೆ ಎಲ್ಲ ಬರೆದೆ. ಬದುವಿನ ಮೇಲೆ ನೀನು ಹೇಳಿದ್ದು, ನಾನು ಅದನ್ನು ನೀರು ಬೇಕಂತೆ ಎಂದಷ್ಟಕ್ಕೆ ಇಳಿಸಿದ್ದು, ಆಕೆ ಅಂಗೈ ಎತ್ತಿದಾಗ ನಾನು ಕೈ ಹಿಂದಕ್ಕೆ ತೆಗೆದದ್ದು. ನಿಮ್ಮ ಕೋಣೆಯಲ್ಲಿ ಇರುವುದು ಹತ್ತಿಯ ಹಾಡಲ್ಲ, ಜೋಗುಳವಲ್ಲ, ಯಾರೂ ನಿಲ್ಲಿಸದೆ ಬಿಟ್ಟ ಅಳು ಎಂದೆ. ಇವತ್ತು ಬೆಳಿಗ್ಗೆ ಆಕೆಯ ಉತ್ತರ ಬಂತು. ಸಿಟ್ಟು ಮಾಡಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಾಳೆ. ಈಗ ನಾನಾಗಿ ಅದನ್ನು ನಿಲ್ಲಿಸಿದರೆ ನಾಳೆಯ ಪೇಪರಿನಲ್ಲಿ ಹೊಸ ಪಕ್ಷದವರು ಗೆದ್ದರು ಎಂದೇ ಬರುತ್ತದೆ, ಹೋಟೆಲಿನಲ್ಲಿರುವ ಜನರಿಗೆ ಅದರ ಅರ್ಥ ಏನು ಎಂದು ನಿನಗೆ ಗೊತ್ತೇ, ನಿಲ್ಲಿಸದಿದ್ದರೆ ಇನ್ನು ನಾನು ಆ ಕೋಣೆಗೆ ಹೇಗೆ ಕಾಲಿಡಲಿ ಎಂದಿದ್ದಾಳೆ. ಕೊನೆಯಲ್ಲಿ, ಬಾಳವ್ವ ಏನು ಹೇಳುತ್ತಾರೆ ಎಂದು ಒಂದೇ ಸಾಲು.

ನಾನು ಉತ್ತರ ಬರೆದಿಲ್ಲ. ಉತ್ತರ ನನ್ನ ಹತ್ತಿರ ಇಲ್ಲ. ಆ ಕೌನ್ಸಿಲಿನವನ ಹತ್ತಿರವೂ ಇಲ್ಲ, ಚೌಕದಲ್ಲಿ ಕೊಡೆ ಹಿಡಿದವಳ ಹತ್ತಿರವೂ ಇಲ್ಲ. ನಿನ್ನನ್ನೇ ಕೇಳಬೇಕು. ಇರಲಿ ಬಿಡು, ಅವರೂ ಕೇಳಲಿ ಎನ್ನುತ್ತೀಯೋ. ಸುಡು ಅದನ್ನ ಎನ್ನುತ್ತೀಯೋ. ನನ್ನನ್ನು ಕಟ್ಟೆಯಿಂದ ಎಬ್ಬಿಸಿ ಕಳಿಸುತ್ತೀಯೋ. ನೀನು ನಿಲ್ಲಿಸು ಎಂದರೆ ಕೆಟ್ಟವರಿಗೆ ಖುಷಿಯಾಗುತ್ತದೆ, ಅದನ್ನೂ ನಿನಗೆ ಹೇಳಿಬಿಡಬೇಕು. ಹೇಳದೆ ನಿನ್ನ ಮಾತು ತೆಗೆದುಕೊಂಡರೆ ಮತ್ತೆ ಮೂರು ಪುಟಕ್ಕೆ ಒಂದು ಮಾತು ಹೇಳಿದಂತೆ ಆಗುತ್ತದೆ. ನೀನು ಏನೇ ಅಂದರೂ, ಬೈದರೂ, ಕಾಲು ಮಡಚುವ ಜೋಕು ಮಾಡಿದರೂ, ಅದನ್ನೇ ಪೂರ್ತಿಯಾಗಿ ಇಂಗ್ಲಿಷಿಗೆ ಇಳಿಸಿ ಗುರುವಾರದೊಳಗೆ ಕಳಿಸುತ್ತೇನೆ.

ಆದರೆ ಅದು ಆಮೇಲಿನ ಮಾತು. ನಾಳೆ ಹುಕ್ಕೇರಿಯಿಂದ ಏಳೂವರೆಯ ಬಸ್ಸಿಗೆ ಗೋಕಾಕಕ್ಕೆ ಬಂದು, ಅಲ್ಲಿಂದ ಮೂಡಲಗಿ ಬಸ್ಸು ಹತ್ತಿ ಹತ್ತರ ಹೊತ್ತಿಗೆ ನಿನ್ನ ಬಾಗಿಲಲ್ಲಿ ಇರುತ್ತೇನೆ. ಈ ಸಲ ಚೌಕಟ್ಟು ನೋಡುವುದಿಲ್ಲ. ಪತ್ರವನ್ನು ಚೀಲದಿಂದ ತೆಗೆಯುವ ಮೊದಲೇ ನಿನ್ನ ಅಡುಗೆಮನೆಗೆ ಹೋಗಿ, ಅಂಚು ತಗ್ಗಾದ ಆ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬರುತ್ತೇನೆ. ತಡವಾಗಿದೆ, ಗೊತ್ತು. ಎರಡು ಜೋಳದ ಹಂಗಾಮು ಕಳೆಯಿತು. ತಡವಾದ ನೀರಿಗೆ ಗೂಡು ಕರಗುತ್ತದೋ ಇಲ್ಲವೋ ಸಾತವ್ವ ಆಯಿಯನ್ನು ಕೇಳಬೇಕು. ಕರಗದಿದ್ದರೂ ನಾನು ನಿನ್ನ ಬಾಜೂ ಕೂರುತ್ತೇನೆ, ನಿನ್ನ ಕೈ ಹಿಡಿಯುತ್ತೇನೆ, ನಿನ್ನ ಮುಖಕ್ಕೆ ನೀರು ಹಚ್ಚುತ್ತೇನೆ. ಅವತ್ತು ಬಾಯಿಂದ ಹೊರಡದ ಮಾತನ್ನು ಇಲ್ಲಿ ಬರೆದುಕೊಂಡಿದ್ದೇನೆ, ಮರೆಯಬಾರದು ಎಂದಲ್ಲ, ದನಿ ನಡುಗಿದರೆ ನೋಡಿಕೊಂಡಾದರೂ ಹೇಳಬೇಕು ಎಂದು.

ಸಾಕ ಮಾಡವ್ವಾ. ರಾಮವ್ವ ಹ್ವಾದ್ಲು. ಸಾಕ ಮಾಡ.

ನಿನ್ನ ಕೊರಳು ಹಗುರಾಗಲಿ. ಬರುವ ವಾರದ ಕಳೆಯ ಸಾಲಿನಲ್ಲಿ ಹತ್ತು ಮಂದಿಗೆ ನಿನ್ನ ಹಿಂದೆ ಅನ್ನಲು ಒಂದು ಹಾಡು ಸಿಗಲಿ.

ನಿನ್ನ ತಂಬಿಗೆ ಹಿಡಿದುಕೊಂಡು ಇನ್ನೂ ಅಲ್ಲೇ ಕೂತಿರುವ
ಶೀತಲ್